ಆಳದ ಗಾಯದ ಕಲ್ಚರ್: ಮಂಗಳೂರಿನ ಮಳೆಗಾಲದಲ್ಲಿ ನಾವು ಮಾಡುವ ಕ್ರಮ

2003ರಲ್ಲಿ ಇರಾಕ್ ಯುದ್ಧ ಶುರುವಾದ ಮೇಲೆ ಗಾಯಗೊಂಡ ಅಮೆರಿಕದ ಸೈನಿಕರಲ್ಲಿ ಹಲವು ಮದ್ದಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಬೌಮಾನಿ ಎಂಬ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಅಲ್ಲಿನ ಮಣ್ಣಿನಿಂದ ಬಂದಿರಬೇಕು ಎಂದುಕೊಂಡಿದ್ದರು. ಹುಡುಕಿದಾಗ ಸಿಕ್ಕಿದ್ದು ಯುದ್ಧಭೂಮಿಯ ಆಸ್ಪತ್ರೆಗಳ ಒಳಗೇ. ಒಣಗಿದ ಮಂಚದ ಸರಳಿನ ಮೇಲೂ ವಾರಗಟ್ಟಲೆ ಬದುಕುವ ಜೀವಿ ಅದು. ಹೆದ್ದಾರಿ 66ರ ಅಪಘಾತದಲ್ಲಿ ಮೂಳೆ ಹೊರಬಂದು, ಎರಡು ಮೂರು ಆಸ್ಪತ್ರೆ ದಾಟಿ ಮಂಗಳೂರಿಗೆ ಬರುವವರಿಗೂ ಇದೇ ಅಪಾಯ.

ಗಾಯದಲ್ಲಿ ಯಾವ ಜೀವಿಯಿದೆ, ಅದು ಯಾವ ಮದ್ದಿಗೆ ಬಗ್ಗುತ್ತದೆ ಎಂದು ತಿಳಿಯಲು ಮಾದರಿಯನ್ನು ಲ್ಯಾಬಿನಲ್ಲಿ ಬೆಳೆಸುವುದೇ ಕಲ್ಚರ್. ಅದಕ್ಕೆ ಮೇಲಿನ ಕೀವು ಒರೆಸಿ ಕಳಿಸಿದ ಸ್ವಾಬನ್ನು (ಹತ್ತಿ ಸುತ್ತಿದ ಕಡ್ಡಿ) ನಾವು ನೆಚ್ಚುವುದಿಲ್ಲ. ಅದರಲ್ಲಿ ಬೆಳೆಯುವುದು ಗಾಯದ ಮೇಲೆ ಸುಮ್ಮನೆ ಕೂತ ಜೀವಿಗಳೇ ಹೆಚ್ಚು. ಶಸ್ತ್ರಚಿಕಿತ್ಸಕರು ಸತ್ತ ಮಾಂಸ ತೆಗೆದ ಮೇಲೆ ಉಳಿದ ಜೀವಂತ ಅಂಗಾಂಶದ ಚೂರು ಬೇಕು. ಸ್ವಾಬ್ ಬಿಟ್ಟು ದಾರಿಯಿಲ್ಲದಿದ್ದರೆ, ಗಾಯವನ್ನು ಸೆಲೈನಿನಲ್ಲಿ ತೊಳೆದು, ಶುಭ್ರವಾಗಿ ಕಾಣುವ 1 ಚದರ ಸೆಂ.ಮೀ. ಜಾಗದಲ್ಲಿ ಒಳಗಿನ ದ್ರವ ಒಸರುವಷ್ಟು ಒತ್ತಿ 5 ಸೆಕೆಂಡು ತಿರುಗಿಸಬೇಕು. 2 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು.

ನಮ್ಮ ಕರಾವಳಿಯಲ್ಲಿ ಕೆಲಸ ಕೆಡುವುದು ಡಿಸ್ಕಿನಲ್ಲಿ, ಅಂದರೆ ಜೀವಿ ಬೆಳೆಸುವ ತಟ್ಟೆಯ ಮೇಲಿಡುವ, ಮದ್ದು ಹೀರಿಸಿದ ಕಾಗದದ ಬಿಲ್ಲೆಯಲ್ಲಿ. ಮದ್ದಿಗೆ ಬಗ್ಗುವ ಜೀವಿ ಬಿಲ್ಲೆಯ ಸುತ್ತ ಬೆಳೆಯದೆ ಖಾಲಿ ವೃತ್ತ ಮೂಡುತ್ತದೆ. ಮಳೆ ಜೋರಾದ ಆಟಿ ತಿಂಗಳಲ್ಲಿ ಫ್ರೀಜರಿನಿಂದ ತೆಗೆದ ಇಮಿಪೆನೆಮ್ ಎಂಬ ಆಂಟಿಬಯೋಟಿಕ್ ಡಿಸ್ಕಿನ ಸೀಸೆಯನ್ನು ಆಗಲೇ ತೆರೆದರೆ ಗಾಜಿನ ಒಳಮೈಯಲ್ಲಿ ಸಣ್ಣ ಹನಿ ಕೂರುತ್ತದೆ, ಕಾಗದದ ಡಿಸ್ಕ್ ಅದನ್ನು ಹೀರುತ್ತದೆ, ಔಷಧದ ಶಕ್ತಿ ಕುಂದುತ್ತದೆ. ಆಮೇಲೆ ಮದ್ದಿಗೆ ಬಗ್ಗುವ ಜೀವಿಯೂ ಬಗ್ಗದ್ದೆಂದು ತೋರುತ್ತದೆ. ಆ ರಿಪೋರ್ಟ್ ನಂಬಿ ವೈದ್ಯರು ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಮದ್ದು ಕೊಟ್ಟರೆ ಪೆಟ್ಟು ಬೀಳುವುದು ರೋಗಿಯ ಮೂತ್ರಪಿಂಡಕ್ಕೆ. ಆದ್ದರಿಂದ ಮುಚ್ಚಿದ ಸೀಸೆಯನ್ನು 1ರಿಂದ 2 ಗಂಟೆ ಹೊರಗಿಟ್ಟೇ ತೆರೆಯುತ್ತೇವೆ. ತೇವ ಹೀರಲು ಜೊತೆಗಿಡುವ ಸಿಲಿಕಾ ಜೆಲ್ ಬಣ್ಣ ಬದಲಾದರೆ ಅಂದೇ ಬೇರೆ ಹಾಕುತ್ತೇವೆ. ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಬಳಸುವ ಇ. ಕೋಲೈ 25922 ತಳಿಯ ಮೇಲೆ ಇಮಿಪೆನೆಮ್ ವೃತ್ತದ ವ್ಯಾಸ 26ರಿಂದ 32 ಮಿ.ಮೀ. ಇರಬೇಕು, 25 ಬಂದರೂ ಆ ದಿನದ ಇಮಿಪೆನೆಮ್ ಫಲಿತಾಂಶ ಹೊರಗೆ ಹೋಗದು.

ತಟ್ಟೆಯಲ್ಲಿ ಜೀವಿ ಬೆಳೆಸುವ ಮ್ಯುಲ್ಲರ್-ಹಿಂಟನ್ ಅಗಾರ್ 4 ಮಿ.ಮೀ. ದಪ್ಪವಿರಲಿ; ಹೆಚ್ಚಾದರೆ ವೃತ್ತ ಕಿರಿದಾಗುತ್ತದೆ. ಮೇಲ್ಮೈ ತೇವವಿದ್ದರೆ ಮುಚ್ಚಳ ಸ್ವಲ್ಪ ಸರಿಸಿ ಇನ್‌ಕ್ಯುಬೇಟರಿನಲ್ಲಿ ಒಣಗಿಸಿ. ಜೀವಿಯನ್ನು ಕದಡಿದ ದ್ರಾವಣದ ಮಸುಕು 0.5 ಮ್ಯಾಕ್‌ಫಾರ್ಲೆಂಡ್ (ಮಸುಕಿನ ಅಳತೆ), ಅದನ್ನು 15 ನಿಮಿಷದೊಳಗೆ ಅಗಾರಿನ ಮೇಲೆ ಹಚ್ಚಬೇಕು. ಬೆಳೆಯಲು ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ 16ರಿಂದ 18 ಗಂಟೆ ಸಾಕು, ಅಸಿನೆಟೊಬ್ಯಾಕ್ಟರಿಗೆ 20ರಿಂದ 24.

ಕೊಲಿಸ್ಟಿನ್ ಮಾತ್ರ ಡಿಸ್ಕಿನಲ್ಲಿ ನೋಡಲೇಬೇಡಿ. ದೊಡ್ಡ ಅಣು, ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಬ್ರಾತ್ ಮೈಕ್ರೊಡೈಲ್ಯೂಷನ್ (ಬೇರೆ ಬೇರೆ ಪ್ರಮಾಣದ ಮದ್ದು ಬೆರೆಸಿದ ದ್ರವದಲ್ಲಿ ಜೀವಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿ. ಸೌಲಭ್ಯವಿಲ್ಲದಿದ್ದರೆ ಅದಿರುವ ಲ್ಯಾಬಿಗೆ ಕಳಿಸಿ, ವಾರ್ಡಿಗೆ ಫೋನ್ ಮಾಡಿ ಹಾಗೆಂದು ತಿಳಿಸಿ.