ಅವ್ವನ ನರನೋವಿನ ಔಷಧ: ತಿಂಗಳಿಗೆ 1,400ರಿಂದ 400 ರೂಪಾಯಿಗೆ ಇಳಿಸಿದ ನನ್ನ ಅನುಭವ

ಸರ್ಪಸುತ್ತಿನ ಗುಳ್ಳೆಗಳು ಮಾಯ್ದ ಮೇಲೂ ಅವ್ವನ ಪಕ್ಕೆಯಲ್ಲಿ ಉಳಿದ ಉರಿಗೆ ನಾವು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಗುಳಿಗೆ, ಮುಲಾಮು ಸೇರಿ ತಿಂಗಳಿಗೆ ಹೆಚ್ಚುಕಡಿಮೆ 1,400 ರೂಪಾಯಿ ಕೊಡುತ್ತಿದ್ದೆವು. ನಮಗೆ ವಿಮೆಯಿಲ್ಲ, ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ದಾಖಲಾದಾಗ ನೆರವಾಗುತ್ತದೆಯೇ ಹೊರತು ಮನೆಯಲ್ಲಿ ದಿನಾ ನುಂಗುವ ಗುಳಿಗೆಗಲ್ಲ. ಈಗ ಹದಿನಾಲ್ಕು ತಿಂಗಳಿಂದ ಚಿಗರಿ ಬಸ್ಸಿನ ಟಿಕೆಟ್ ಸೇರಿ 400ರಲ್ಲಿ ನಡೆಸಿದ್ದೇನೆ. 'ಸೋವಿ ಗುಳಿಗಿ ಕೊಟ್ಟು ಅವ್ವನ ಜೀವದ ಜೋಡಿ ಆಟ ಆಡಬ್ಯಾಡೋ ತಮ್ಮಾ' ಎಂದು ಗದರಿದ್ದ ಅಣ್ಣನೇ ಮೊನ್ನೆ ತನ್ನ ಮೊಣಕಾಲು ನೋವಿನ ಚೀಟಿ ಹಿಡಿದು ಬಂದುದರಿಂದ ಇದನ್ನು ಬರೆಯುವ ಧೈರ್ಯ ಬಂದಿತು.

ದುಡ್ಡು ಸೋರುತ್ತಿದ್ದ ಜಾಗ ಬಿಲ್ಲಿನಲ್ಲಲ್ಲ, ಗುಳಿಗೆ ಪಟ್ಟಿಯ (ಸ್ಟ್ರಿಪ್) ಹಿಂದಿನ ಸಣ್ಣ ಅಕ್ಷರಗಳಲ್ಲಿ ಸಿಕ್ಕಿತು. ಅದು ನರನೋವಿನ ಔಷಧ ಪ್ರೆಗಾಬಾಲಿನ್ 75 ಮಿಲಿಗ್ರಾಂ ಜೊತೆಗೆ ಮಿಥೈಲ್‌ಕೋಬಾಲಮಿನ್ (ವಿಟಮಿನ್ ಬಿ12) ಕೂಡಿಸಿದ ಕ್ಯಾಪ್ಸೂಲ್. ಹತ್ತಕ್ಕೆ 190ರ ಸುಮಾರು, ದಿನಕ್ಕೆ ಎರಡು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ, ಗರಿಷ್ಠ ಬೆಲೆ ನಿಗದಿಯಾಗದ ಇಂಥ ಜೋಡಿ ಔಷಧದ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು; ನಮ್ಮ ಹಳೆಯ ಬಿಲ್ಲುಗಳಲ್ಲಿ ಎರಡು ಸಲ ಏರಿತ್ತು. ಬೇರೆ ಬೇರೆಯಾಗಿ ಬರೆದುಕೊಡಿರೆಂದು ವೈದ್ಯರನ್ನು ಕೇಳಿದಾಗ ಅವರು ವಿಟಮಿನ್ ಇನ್ನು ಸಾಕೆಂದು ಪ್ರೆಗಾಬಾಲಿನ್ ಒಂದನ್ನೇ ಉಳಿಸಿದರು.

ಆಮೇಲೂ ಒಮ್ಮೆ ಮೋಸಹೋದೆ. ಅಂಗಡಿಯವರು 'ಜೆನೆರಿಕ್' (ಅದೇ ಔಷಧದ ಸೋವಿ ರೂಪ) ಎಂದು ಕೊಟ್ಟ ಪಟ್ಟಿಯ ಮೇಲೆ 140 ಅಚ್ಚಾಗಿತ್ತು. ನೂರಕ್ಕೆ ಕೊಟ್ಟರೆಂದು ಹಿಗ್ಗಿದೆ. ಜನೌಷಧಿ ಕೇಂದ್ರದಲ್ಲಿ ಅದೇ ಪ್ರಮಾಣದ ಹತ್ತಕ್ಕೆ ಇಪ್ಪತ್ತು ಚಿಲ್ಲರೆ ಇತ್ತು.

ಅಲ್ಲಿ ಕೊಳ್ಳತೊಡಗಿದ ಮೇಲೆ ಆದ ನಷ್ಟ ದುಡ್ಡಿನದಲ್ಲ. ಮೂರನೆಯ ತಿಂಗಳು ಸರಕು ಮುಗಿದಿತ್ತು, ನಾಳೆ ಬರುತ್ತದೆಂದು ನಂಬಿ ಎರಡು ದಿನ ತಪ್ಪಿಸಿದೆ. ಪ್ರೆಗಾಬಾಲಿನ್ ಒಮ್ಮೆಗೇ ನಿಲ್ಲಿಸುವಂಥದ್ದಲ್ಲ. ಎರಡನೆಯ ರಾತ್ರಿ ಅವ್ವ ಬೆವರಿ, ಸೀರೆಯ ಸೆರಗು ಪಕ್ಕೆಗೆ ತಾಗದಂತೆ ಎತ್ತಿ ಹಿಡಿದು ಬೆಳಗಿನವರೆಗೆ ಕುಳಿತಿದ್ದಳು. ಅಂದಿನಿಂದ ಹತ್ತು ದಿನದ ಗುಳಿಗೆ ಉಳಿದಾಗಲೇ ಹೊರಡುತ್ತೇನೆ.

ನೋವು ಹತ್ತಕ್ಕೆ ಎಷ್ಟೆಂದು ದಿನಾ ಸಂಜೆ ಕೇಳಿ ಕ್ಯಾಲೆಂಡರಿನ ಮೇಲೆ ಬರೆದೆ. ಹಳೆಯ ಕ್ಯಾಪ್ಸೂಲಿಗೆ 4 ಇತ್ತು. ಹೊಸದಕ್ಕೆ ಮೊದಲ ವಾರ 6, ಮೂರನೆಯ ವಾರದಲ್ಲಿ ಮತ್ತೆ 4. ಅದೇ ಕ್ಯಾಲೆಂಡರಿನಿಂದ ಇನ್ನೊಂದು ಪ್ರಯೋಗವನ್ನೂ ಮಾಡಿದೆ: 250 ರೂಪಾಯಿಯ ಮುಲಾಮನ್ನು ಒಂದು ವಾರ ಬಿಟ್ಟರೂ ಅಂಕ ಕದಲಲಿಲ್ಲ, ವೈದ್ಯರಿಗೆ ತೋರಿಸಿ ಅದನ್ನು ಕೈಬಿಟ್ಟೆವು.

ಅಣ್ಣನ ಚೀಟಿಯಲ್ಲಿ ನೋವುನಿವಾರಕ ಅಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಕೂಡಿದ ಗುಳಿಗೆಯಿತ್ತು. ಅದರ ಕೆಳಗೆ, ಬೇರೆ ಬ್ರ್ಯಾಂಡಿನ ಹೆಸರಿನಲ್ಲಿ, ಮತ್ತೆ ಪ್ಯಾರಾಸಿಟಮಾಲ್ 650. ಎರಡರ ಕೆಳಗೂ ಗೆರೆ ಎಳೆದು, ಕೊಳ್ಳುವ ಮೊದಲು ಒಂದೇ ಔಷಧ ಎರಡು ಸಲ ಏಕೆಂದು ಕೇಳಿಕೊಂಡು ಬಾ ಎಂದು ವೈದ್ಯರ ಬಳಿಗೆ ಮರಳಿ ಕಳಿಸಿದೆ.