ಐಪಿ ಅಡ್ರೆಸ್ ಸಿಗುತ್ತಿಲ್ಲವೇ? ಮೊದಲು ಇದನ್ನು ನೋಡಿ

ಕೇಬಲ್ ಹಾಕಿದ್ದೀರಿ, ನೆಟ್ ಮಾತ್ರ ಬರುತ್ತಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ (ipconfig /all) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಐಪಿವಿ4 ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ಗುರುತಿನ ನಂಬರ್) 169.254ರಿಂದ ಶುರುವಾಗಿದ್ದರೆ, ಕಂಪ್ಯೂಟರ್ ಅಡ್ರೆಸ್ ಕೇಳಿ ಕೂಗಿದೆ, ರೂಟರ್ ಓಗೊಟ್ಟಿಲ್ಲ ಎಂದರ್ಥ. ಉತ್ತರ ಬಾರದ್ದಕ್ಕೆ ತಾನೇ ಒಂದು ನಂಬರ್ ಹಾಕಿಕೊಂಡಿದೆ. ಇಲ್ಲೇ ಅವಸರಪಟ್ಟು ವಿಂಡೋಸ್ ಹೊಸದಾಗಿ ಹಾಕಲು ಹೋಗಬೇಡಿ.

ಮನೆಯ ಬೇರೆ ಫೋನ್, ಲ್ಯಾಪ್‌ಟಾಪ್‌ಗಳಿಗೆ ನೆಟ್ ಬರುತ್ತಿದೆಯೇ? ಯಾವುದಕ್ಕೂ ಇಲ್ಲವಾದರೆ ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಇದೊಂದಕ್ಕೇ ಇಲ್ಲವಾದರೆ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್‌ನ ಪುಟ್ಟ ದೀಪ ನೋಡಿ. ದೀಪ ಉರಿಯದಿದ್ದರೆ, ಅಥವಾ ಒಂದು ತುದಿಯಲ್ಲಿ ಮಾತ್ರ ಉರಿದರೆ, ಕೇಬಲ್ ಬದಲಿಸಿ. ಪ್ಲಗ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಅದು ಮೆಲ್ಲಗೆ ಹಿಂದೆ ಸರಿದು ಸಂಪರ್ಕ ತಪ್ಪುತ್ತದೆ.

ದೀಪ ಸರಿಯಿದ್ದರೂ ಅಡ್ರೆಸ್ ಬಾರದಿದ್ದಾಗ ಒಂದು ಪರೀಕ್ಷೆ ಮಾಡಲೇಬೇಕು. ರೂಟರ್‌ನ ಅಡ್ರೆಸ್ 192.168.1.1 ಎಂದಿಟ್ಟುಕೊಳ್ಳಿ (ಸಾಮಾನ್ಯವಾಗಿ ಅದರ ಅಡಿಯ ಲೇಬಲ್‌ನಲ್ಲಿರುತ್ತದೆ). ನೆಟ್‌ವರ್ಕ್ ಅಡಾಪ್ಟರ್‌ನ ಐಪಿವಿ4 ಪ್ರಾಪರ್ಟೀಸ್‌ನಲ್ಲಿ ನೀವೇ 192.168.1.240, ಮಾಸ್ಕ್ 255.255.255.0, ಗೇಟ್‌ವೇ 192.168.1.1 ತುಂಬಿ. ಮೊದಲ ನಂಬರ್ ಬೇರೆ ಯಾವ ಸಾಧನದಲ್ಲೂ ಇರಬಾರದು. ಈಗ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್ 192.168.1.1’ (ping 192.168.1.1) ಕೊಡಿ. ಉತ್ತರ ಬಂದರೆ ತಂತಿ ಚೆನ್ನಾಗಿದೆ, ಅಡ್ರೆಸ್ ಹಂಚುವ ಡಿಎಚ್‌ಸಿಪಿಯಲ್ಲೇ ತೊಂದರೆ. ಬಾರದಿದ್ದರೆ ನೆಟ್‌ವರ್ಕ್ ಡ್ರೈವರ್, ಕೇಬಲ್, ಬೇರೆ ಕಂಪನಿಯ ಫೈರ್‌ವಾಲ್ ಇವುಗಳನ್ನು ಪರೀಕ್ಷಿಸಿ. ಕೆಲಸವಾದ ಮೇಲೆ ಸೆಟ್ಟಿಂಗ್ ಮತ್ತೆ ಆಟೊಮ್ಯಾಟಿಕ್‌ಗೆ ತನ್ನಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಬೇರೆಲ್ಲಿಗೆ ಒಯ್ದರೂ ಇದೇ ಗೋಳು.

ಡಿಎಚ್‌ಸಿಪಿಯದೇ ತೊಂದರೆ ಎಂದು ಗೊತ್ತಾದರೆ ಮೊದಲು ವಿಂಡೋಸ್‌ನ ‘ಸರ್ವಿಸಸ್’ನಲ್ಲಿ ‘ಡಿಎಚ್‌ಸಿಪಿ ಕ್ಲೈಂಟ್’ ಓಡುತ್ತಿದೆಯೇ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ರೂಟರ್‌ನ ಪುಟ ತೆರೆದು ಅದು ಹಂಚುವ ಅಡ್ರೆಸ್‌ಗಳ ಸಾಲು ಗಮನಿಸಿ. ಅಡ್ರೆಸ್‌ನ ಕೊನೆಯ ಸಂಖ್ಯೆ 100ರಿಂದ 110ರವರೆಗೆ ಇದ್ದರೆ ಸಿಗುವುದು ಬರೀ 11. ಹನ್ನೆರಡನೆಯ ಸಾಧನಕ್ಕೆ ಜಾಗವಿಲ್ಲ. ಮನೆಯಿಂದ ಹೊರಟುಹೋದ ನೆಂಟರ ಫೋನ್ ಕೂಡ ಲೀಸ್ (ಅಡ್ರೆಸ್ ಬಳಸಲು ಕೊಟ್ಟ ಅವಧಿ) ಮುಗಿಯುವವರೆಗೆ ತನ್ನ ಜಾಗ ಹಿಡಿದೇ ಇರುತ್ತದೆ. ಕೊನೆಯನ್ನು 199ಕ್ಕೆ ಏರಿಸಿ, ಲೀಸ್ ಅವಧಿ 24 ಗಂಟೆಯಿದ್ದರೆ 2 ಗಂಟೆಗೆ ಇಳಿಸಿ.

ಅಡ್ರೆಸ್ ಬಂದಿದೆ, ಆದರೆ ರೂಟರ್‌ನ 192.168.1 ಸಾಲಿನದಲ್ಲ, 192.168.0 ಸಾಲಿನದು ಎಂದಾದರೆ, ಹಳೆಯ ರೂಟರೊಂದನ್ನು ನೆಟ್‌ವರ್ಕ್ ಸ್ವಿಚ್‌ನಂತೆ (ಕೇಬಲ್‌ಗಳನ್ನು ಕವಲೊಡೆಸುವ ಸಾಧನದಂತೆ) ಜೋಡಿಸಿರುವ ಸಾಧ್ಯತೆ ಹೆಚ್ಚು. ಅದರ ಡಿಎಚ್‌ಸಿಪಿ ಆಫ್ ಮಾಡಿ.

ಇಷ್ಟಾದ ಮೇಲೆ ‘ಐಪಿಕಾನ್ಫಿಗ್ /ರಿಲೀಸ್’ (ipconfig /release), ನಂತರ ‘ಐಪಿಕಾನ್ಫಿಗ್ /ರಿನ್ಯೂ’ (ipconfig /renew) ಕೊಡಿ. ಆಗಲೂ ಬಾರದಿದ್ದರೆ ಅಡ್ಮಿನ್ ಆಗಿ ತೆರೆದ ಪ್ರಾಂಪ್ಟ್‌ನಲ್ಲಿ ‘ನೆಟ್‌ಎಸ್‌ಎಚ್ ಐಎನ್‌ಟಿ ಐಪಿ ರಿಸೆಟ್’ (netsh int ip reset) ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕೈಯಾರೆ ಹಾಕಿದ ಅಡ್ರೆಸ್‌ಗಳಿದ್ದರೆ ಮೊದಲೇ ಬರೆದಿಟ್ಟುಕೊಳ್ಳಿ, ಇದು ಅವನ್ನೂ ಅಳಿಸುತ್ತದೆ.