ಸ್ಫೋಟದ ಮೊದಲ ವಾರ: ನನ್ನ ಅನುಭವ

ಸೂಪರ್‌ನೋವಾ, ಅಂದರೆ ನಕ್ಷತ್ರವೊಂದು ಸಿಡಿದು ಸಾಯುವ ಘಟನೆಯ ಸುದ್ದಿ ಬಂದ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ: ಸಿಡಿದು ಎಷ್ಟು ಹೊತ್ತಾಯಿತು? 2023ರ ಮೇ 19ರಂದು ಜಪಾನಿನ ಕೊಯಿಚಿ ಇತಗಾಕಿಯವರು ಎಂ101 ಗೆಲಾಕ್ಸಿಯಲ್ಲಿ ಎಸ್‌ಎನ್ 2023ಐಎಕ್ಸ್‌ಎಫ್ ಎಂಬ ಸೂಪರ್‌ನೋವಾವನ್ನು ಪತ್ತೆ ಹಚ್ಚಿದಾಗ, ಅದು ಸಿಡಿದು ಸುಮಾರು ಒಂದು ದಿನವಷ್ಟೇ ಆಗಿತ್ತು. ದೂರವೂ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ಮಾತ್ರ. ನಮ್ಮ ಕ್ಷೇತ್ರದಲ್ಲಿ ಇದು ಪಕ್ಕದ ಮನೆ!

ನಾವು ಬಳಸುವ ಹಿಮಾಲಯ ಚಂದ್ರ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ. ನಾವು ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ. ಆ ರಾತ್ರಿಯ ವೀಕ್ಷಣೆಯ ಸಮಯ ಬೇರೊಬ್ಬರ ಪಾಲಿನದಾಗಿತ್ತು. ಇಂಥ ತುರ್ತಿಗೆ ಸಮಯ ಬಿಟ್ಟುಕೊಡುವ ಪದ್ಧತಿ ಇದೆ. ಅವರು ಮನಸಾರೆ ಬಿಟ್ಟುಕೊಟ್ಟರು. ಆ ಔದಾರ್ಯವಿಲ್ಲದೆ ಈ ಕೆಲಸ ನಡೆಯುವುದೇ ಇಲ್ಲ.

ಸೂಪರ್‌ನೋವಾವನ್ನು ಸ್ಲಿಟ್ ಎಂಬ ಕಿರಿದಾದ ಸೀಳಿನ ಮೇಲೆ ಕೂರಿಸಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರಿಸಂ 7 ಮತ್ತು 8ರಲ್ಲಿ ರೋಹಿತ (ಆ ಬಣ್ಣಗಳ ಪಟ್ಟಿ) ತೆಗೆದೆವು. ತರಂಗಾಂತರ ಗುರುತಿಸಲು ಕಬ್ಬಿಣ-ಆರ್ಗಾನ್, ಕಬ್ಬಿಣ-ನಿಯಾನ್ ದೀಪಗಳು. ಪ್ರಖರತೆ ತೂಗಿ ನೋಡಲು ಫೀಗೆ 34 ಎಂಬ, ಪ್ರಖರತೆ ಮೊದಲೇ ನಿಖರವಾಗಿ ತಿಳಿದಿರುವ ಪ್ರಮಾಣ ನಕ್ಷತ್ರ.

ಕಚ್ಚಾ ಚಿತ್ರದಲ್ಲೇ 4686 ಆಂಗ್‌ಸ್ಟ್ರಾಮ್ ತರಂಗಾಂತರದ ಬಳಿ ಚೂಪಾದ ಶಿಖರ ಎದ್ದು ಕಂಡಿತು. ಅಯಾನೀಕೃತ ಹೀಲಿಯಂ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ! ಆದರೆ ಸಂಭ್ರಮಿಸುವ ಮುನ್ನ ಒಂದು ಅನುಮಾನ ಬಗೆಹರಿಯಬೇಕಿತ್ತು. ಸೂಪರ್‌ನೋವಾದ ಪಕ್ಕದಲ್ಲೇ ಎನ್‌ಜಿಸಿ 5461 ಎಂಬ ಹೊಳೆಯುವ ಅನಿಲಮೋಡವಿದೆ. ಅದರ ಹೈಡ್ರೋಜನ್ ಗೆರೆಗಳು ನಮ್ಮ ರೋಹಿತದೊಳಗೆ ನುಸುಳುವುದು ಸುಲಭ. ಸ್ಲಿಟ್‌ನ ಉದ್ದಕ್ಕೂ ಹಿನ್ನೆಲೆಯ ಬೆಳಕಿಗಾಗಿ ಆರಿಸಿದ ಪಟ್ಟಿಗಳನ್ನು ಬದಲಿಸಿ ಬದಲಿಸಿ, ಆ ಬೆಳಕನ್ನು ಕಳೆದು ನೋಡಿದೆ. ಮೋಡದ ಆಮ್ಲಜನಕದ ಗೆರೆಗಳು ಪಟ್ಟಿ ಬದಲಾದಂತೆ ಏರಿಳಿದವು; ಹೀಲಿಯಂ ಶಿಖರ ಮಾತ್ರ ಅಲುಗಲಿಲ್ಲ. ಹೈಡ್ರೋಜನ್ ಗೆರೆಯ ಬುಡವೂ ಎರಡು ಬದಿಗೆ ಅಗಲವಾಗಿ ಚಾಚಿಕೊಂಡಿತ್ತು. ದಟ್ಟ ಅನಿಲದ ಎಲೆಕ್ಟ್ರಾನುಗಳಿಗೆ ಬಡಿದು ಬಡಿದು ಹೊರಬಂದ ಬೆಳಕಿಗೆ ಮಾತ್ರ ಆ ಆಕಾರ ಬರುತ್ತದೆ. ತೆಳುವಾದ ಮೋಡದಿಂದ ಅದು ಸಾಧ್ಯವಿಲ್ಲ.

ಅಂದರೆ ಸಿಡಿದ ಆ ನಕ್ಷತ್ರ, ಒಂದು ಕೆಂಪು ಮಹಾದೈತ್ಯ (ಬಹಳವಾಗಿ ಉಬ್ಬಿದ ಭಾರಿ ನಕ್ಷತ್ರ), ಸಾಯುವ ಮುನ್ನ ತನ್ನ ಹೊರಪದರವನ್ನು ಧಾರಾಳವಾಗಿ ಉದುರಿಸಿಕೊಂಡಿತ್ತು. ಸ್ಫೋಟದ ವಿಕಿರಣ ಆ ಅನಿಲವನ್ನು ಬೆಳಗಿಸುತ್ತದೆ, ಹಿಂದೆಯೇ ನುಗ್ಗಿ ಬರುವ ಚೂರುಗಳು ಅದನ್ನು ನುಂಗಿಬಿಡುತ್ತವೆ. ನಕ್ಷತ್ರದ ಕೊನೆಯ ವರ್ಷಗಳ ಈ ಸಾಕ್ಷ್ಯ ಬೇರೆಲ್ಲೂ ಇಷ್ಟು ನೇರವಾಗಿ ಸಿಗುವುದಿಲ್ಲ. ಹಾಗಾಗಿ ಈ ಹಂತದಲ್ಲಿ ಒಂದು ರಾತ್ರಿ ತಪ್ಪಿದರೂ ನನಗೆ ಹೊಟ್ಟೆ ಉರಿಯುತ್ತದೆ. ಸುಮಾರು ಒಂದು ವಾರದಲ್ಲಿ ಆ ಗೆರೆಗಳು ಮಾಯವಾದವು.

ಆಮೇಲಿನದು ನಿಧಾನದ ಕೆಲಸ: ಅದೇ ಫಿಲ್ಟರುಗಳು, ಅದೇ ಹೋಲಿಕೆ ನಕ್ಷತ್ರಗಳು. ಸುಮಾರು 80 ದಿನಗಳ ಹೊತ್ತಿಗೆ ಪ್ರಖರತೆ ಥಟ್ಟನೆ ಕುಸಿಯಿತು. ಅಲ್ಲಿಂದಾಚೆಗೆ ಬೆಳಕಿಗೆ ಆಧಾರ ನಿಕಲ್ ಕ್ಷಯಿಸಿ ಉಂಟಾದ ವಿಕಿರಣಶೀಲ ಕೋಬಾಲ್ಟ್. ಸ್ಫೋಟದಲ್ಲಿ ಎಷ್ಟು ನಿಕಲ್ ಹುಟ್ಟಿತ್ತೆಂದು ಲೆಕ್ಕ ಹಾಕುವುದು ನಿಧಾನಕ್ಕೆ ಮಂಕಾಗುವ ಈ ಕೊನೆಯ ಹಂತದ ಬೆಳಕಿನಿಂದಲೇ; ನಾವು ಅದನ್ನು ಬಾಲ ಎನ್ನುತ್ತೇವೆ. ಅದಕ್ಕಾಗಿ ಮಂಕಾದ ಮೇಲೂ ಅಳೆಯುತ್ತಲೇ ಹೋದೆವು.